ವಕೀಲರು ಪಟ ವಾಪಸ್ ತರೋಕೆ ಹೋದದ್ದು

ಹೂಂಗುಟ್ಟೋರು ಮುಂದೆ ಬನ್ನಿ, ಆಕಳಿಸೋರು ಹಿಂದೆ ಹೋಗಿ. ಯಾವುದೋ ಒಂದು ಸೀಮೆ, ಅಲ್ಲೊಂದು ಊರು. ಆ ಊರಲ್ಲಿ ಸುಬ್ರಾಯಪ್ಪ ಅಂತ ಒಬ್ಬ ವಕೀಲರು. ಕೊಡುಗೈ ದೊರೆ. ಬಾವಿ ತೋಡಿಸಿದ್ರು, ಶಾಲೆ ಕಟ್ಟಿಸಿದ್ರು, ಬಡವರ ಪರ ಪುಕ್ಕಟೆ ವಾದ ಮಾಡಿದ್ರು. ಆದ್ರೆ ಕೇಳಿ, ಅವರಿಗೊಂದು ಹುಚ್ಚು. ಚೆಂದದ ಪಟ ಕಂಡ್ರೆ ಸಾಕು, ತಂದು ಗೋಡೆಗೆ ತೂಗುಹಾಕ್ತಿದ್ರು. ಅಂಥ ದೊಡ್ಡ ಮನೇಲಿ ಪಟಗಳೇ ತುಂಬಿ, ಹೆಂಡತಿ ತಾಯಮ್ಮ ಅಡುಗೆಮನೇಲಿ ಚಾಪೆ ಹಾಸ್ಕೋತಿದ್ರು.

ಒಂದು ಮಳೆಗಾಲ ಊರಿನ ಹೆರಿಗೆಮನೆ ಸೂರು ಕುಸೀತು.

“ಅಲ್ಲಾ ಕಣ್ರೀ, ಹಸುಗೂಸುಗಳು ಹೊರಗೆ, ನಿಮ್ಮ ಪಟಗಳು ಬೆಚ್ಚಗೆ ಒಳಗೆ. ಇದ್ಯಾವ ನ್ಯಾಯ?” ಅಂದ್ರು ತಾಯಮ್ಮ. “ಮನೆ ಬಾಣಂತಿಯರಿಗೆ ಬಿಡಿ. ಪಟ ಮನೆಗೊಂದು ಹಂಚಿ.”

ಕೋರ್ಟಲ್ಲಿ ಸೋಲದ ವಕೀಲರು ಅಡುಗೆಮನೇಲಿ ಸೋತ್ರು. ಅಡುಗೆಮನೆ ಒಂದು ಇಟ್ಕೊಂಡು ಮನೆ ಬಾಣಂತಿಯರಿಗೆ ಬಿಟ್ರು, ಪಟ ಹಂಚಿದ್ರು. ಹಂಚಿದ ಮೇಲೆ ಊಟ ಸೇರ್ಲಿಲ್ಲ, ನಿದ್ದೆ ಹತ್ಲಿಲ್ಲ. ಕೊನೆಗೆ, “ಜೀವಕ್ಕಿಂತ ಹೆಚ್ಚಿನವು ಮೂರು. ಅವನ್ನಾದ್ರೂ ತರ್ತೀನಿ ಕಣೆ” ಅಂತ ಗಾಡಿ ಕಟ್ಟಿಸಿದ್ರು.

ಮೊದಲನೇ ಮನೇಲಿ ಏನು ಕಂಡ್ರು? ಪಟದಲ್ಲಿ ಕುದುರೆ ಏರಿದ ಪಾಳೇಗಾರನ ಹಣೆಗೆ ಕುಂಕುಮ, ಕೊರಳಿಗೆ ಹಾರ.

“ಏನಮ್ಮಾ ಇದು?”

“ನಮ್ಮ ತಾತ ಸ್ವಾಮಿ. ಅವರದೊಂದು ಪಟ ಇರ್ಲಿಲ್ಲ. ಮೀಸೆ ಹಿಂಗೇ ಇತ್ತಂತೆ.”

ಬೇರೆಯವರ ತಾತನ್ನ ಗಾಡಿಗೆ ಹೇರೋದು ಹೆಂಗೆ? ಬಿಟ್ಟು ಬಂದ್ರು.

ಎರಡನೇ ಮನೇಲಿ ಪಟದ ಹುಲಿಯ ಬಾಯ್ತುಂಬ ಮೊಸರನ್ನ. ತಾಯಿ ಮಗೂನ ಎತ್ಕೊಂಡು, “ಹುಲಿಗೊಂದು ತುತ್ತು, ನಿಂಗೊಂದು ತುತ್ತು” ಅಂತಿದ್ಲು. ವಕೀಲರು ಪಟ ಒರೆಸೋಕೆ ಹೆಗಲ ಮೇಲಿನ ವಸ್ತ್ರ ತೆಗೆದ್ರು. ಆದ್ರೂ ಉಣ್ಣೋ ಮಗೂನ ಎಬ್ಬಿಸ್ತಾರಾ? ಅದನ್ನೂ ಬಿಟ್ರು.

ಮೂರನೇದು ಹೂ ಕಟ್ಟೋ ಹೆಂಗಸಿನ ಪಟ. ಅದಿದ್ದದ್ದು ದೊಡ್ಡತಾಯಿ ಅನ್ನೋ ಒಂಟಿ ಮುದುಕಿ ಮನೇಲಿ.

“ನಿಮ್ಮದೇ ಅಲ್ವಾ ಸ್ವಾಮಿ, ತಗೊಂಡು ಹೋಗಿ” ಅಂತ ಅಜ್ಜಿ ಪಟ ಇಳಿಸಿ, ತನ್ನ ಹಳೇ ಸೀರೇಲಿ ಸುತ್ತಿಕೊಟ್ಲು. “ಒಂದೇ ಮಾತು. ಬೆಳಗೆದ್ದು ಇವಳನ್ನ ‘ನಿದ್ದೆ ಬಂತಾ ಅವ್ವಾ’ ಅಂತ ಕೇಳಿ. ಕೇಳೋರಿಲ್ಲದಿದ್ರೆ ಮನೆ ಬಿಕೋ ಅಂತದೆ.”

ವಕೀಲರು ಪಟಕ್ಕೆ ಸುತ್ತಿದ್ದ ಸೀರೆ ಬಿಚ್ಚಿದ್ರು, ಪಟ ಮತ್ತೆ ಮೊಳೆಗೆ ಹಾಕಿದ್ರು.

ಖಾಲಿ ಗಾಡಿ ಕಂಡು ತಾಯಮ್ಮ ಸೆರಗಲ್ಲಿ ನಗು ಮುಚ್ಕೊಂಡ್ರು. “ಎಲ್ಲಿ, ನಿಮ್ಮ ಜೀವ?”

“ಕೊಟ್ಟ ಹೆಣ್ಣನ್ನ ಯಾರಾದ್ರೂ ವಾಪಸ್ ಕೇಳ್ತಾರೇನೆ?” ಅಂದ್ರು ವಕೀಲರು, ತಮಗೇ ಹೊಳೆದ ಮಾತಿನ ಹಾಗೆ.

ಮಾರನೇ ಬೆಳಗ್ಗೆ ಕೋರ್ಟಿಗೆ ಹೋಗೋ ದಾರೀಲಿ ದೊಡ್ಡತಾಯಿ ಬಾಗಿಲಲ್ಲಿ ನಿಂತ್ರು. ಪಟದ ಕಡೆ ನೋಡ್ಲೇ ಇಲ್ಲ. ಅಜ್ಜಿ ಮುಖ ನೋಡಿ, “ನಿದ್ದೆ ಬಂತಾ ಅವ್ವಾ?” ಅಂದ್ರು.

ಅಜ್ಜಿ ಅವರಿಗೆ ಕಾಫಿ ಕೊಟ್ಲು. ಕತೆ ಹೇಳಿ ನನ್ನ ಬಾಯಿ ಒಣಗಿದೆ, ನನಗೊಂದು ಲೋಟ ನೀರಾದ್ರೂ ಕೊಡಿ.