ರೇಡಿಯೊ ಹೊನ್ನಕ್ಕನ ಕುಬುಸ

ಕೊಟ್ಟೂರು ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ರೇಡಿಯೊ ಒದರುತ್ತಿತ್ತು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಇಬ್ಬರು ಹೆಂಗಸರ ಮಾತಿಗೆ, ಬಸ್ಸಿಗೆ ಕಾಯುತ್ತಿದ್ದ ಗಂಗಾಂಬಿಕಾಳ ಕಿವಿ ತಾನಾಗಿಯೇ ಹೊರಳಿತು.

“ನಮ್ಮ ರೇಡಿಯೊ ಹೊನ್ನಕ್ಕನಂಥ ದನಿ ಈಗೆಲ್ಲೈತಿ, ಎರ್ರಮ್ಮ?”

“ರೈತರ ಕಾರ್ಯಕ್ರಮದಾಗ ಆಕಿ ಬಸುರಿ ಅಂದಿದ್ದನ್ನ ಖರೆ ಅಂತ ನಂಬಿ ನಾವು ಹಸಿರು ಸೀರಿ, ಬಳಿ ತಗೊಂಡು ಕುಬುಸ ಮಾಡಾಕ ರೇಡಿಯೊ ಆಫೀಸಿಗೇ ಹೋಗಿದ್ವಲ್ಲ, ಕೊಟ್ರಬಸಮ್ಮ!”

“ಹೊನ್ನಕ್ಕನ ಪಾರ್ಟು ಮಾಡತಿದ್ದಾಕಿ ಹೊರಗ ಬಂದ್ಲು, ನೋಡಿದ್ರ ತಲಿ ಪೂರಾ ಬೆಳ್ಳಗ!”

“ನಾಚಿಕಿಂದ ನಾ ಸೀರಿ-ಬಳಿ ಬುಟ್ಟಿನ ಸೆರಗಿನಾಗ ಮುಚ್ಚಿಕೊಂಡಿದ್ದೆ.”

“ಆಕಿ ನಗಲಿಲ್ಲ ನೋಡು. ‘ತವರು ಮನಿಯೋರು ಬಂದೀರಿ’ ಅಂತ ಕುರ್ಚಿ ಎಳಕೊಂಡು ಕುಂತು ಉಡಿ ಒಡ್ಡಿದ್ಲು.”

“ಮುಂದ ರೇಡಿಯೊದಾಗ ಹೆಣ್ಣು ಹುಟ್ತು. ಹೆಸರಿಟ್ಟ ದಿನ ನಾ ಓಣಿಗೆಲ್ಲ ಸಕ್ಕರಿ ಹಂಚಿದೆ.”

ಅಷ್ಟರಲ್ಲಿ ಹಡಗಲಿ ಬಸ್ಸು ಬಂತು. ಇಬ್ಬರೂ ಚೀಲ ಎತ್ತಿಕೊಂಡು ಓಡಿ ಹತ್ತಿದರು. ಗಂಗಾಂಬಿಕಾಳಿಗೆ ತಡೆಯಲಾಗಲಿಲ್ಲ.

“ಅಮ್ಮಾ, ಕೂಸಿಗೆ ಏನ್ ಹೆಸರಿಟ್ರು?” ಎಂದು ಕೂಗಿದಳು.

ಬಸ್ಸು ಹೊರಟೇಬಿಟ್ಟಿತ್ತು. ಕಿಟಕಿಯಲ್ಲಿ ಕೊಟ್ರಬಸಮ್ಮ, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ ಗೆಳತಿಯ ಗಲ್ಲ ಹಿಡಿದು ಹೊರಕ್ಕೆ ತಿರುಗಿಸಿದಳು.

“ಈಕಿ ಹೆಸರೇ ಇಟ್ರವ್ವ! ಎರ್ರಮ್ಮ ಅಂತ!”