ವಿರೂಪಮ್ಮ ತಂದ ಮುದಿ ನಾಯಿ

…ಮೆಲ್ಲಗ ಮಾತಾಡು, ಸತ್ಯಮ್ಮಾ. ಮಣ್ಣಿನ ಗ್ವಾಡಿ ಇದು, ಆಚಿ ಕಡೆ ಉಸಿರು ಬಿಟ್ರೂ ಕೇಳ್ತೈತಿ. ಬಾಗಿಲಾ ಮುಂದಕ್ಕ ಮಾಡು. ಮೊದಲು ನಿನ್ನ ಮಗನ ಮ್ಯಾಲ ಆಣಿ ಮಾಡು, ನಾ ಹೇಳಿದ್ದು ಎದುರುಮನಿಗೂ ಹೋಗಬಾರದು. ಎದುರುಮನಿ ನಿಂದೇ ಅಂತೀಯಾ? ಅದಕ್ಕೇ ಹೇಳಾಕತ್ತೀನಿ.

ಈ ಪಕ್ಕದ ಮನಿ ವಿರೂಪಮ್ಮ. ಗಂಡ ಸತ್ತ ಮ್ಯಾಲ ಮೈದುನನ ಮನಿಯಾಗ ಮೂಲಿ ಹಿಡಿದು ಕುಂತಾಕಿ. ಕುರುಗೋಡು ಬಸವಣ್ಣಗ ಕಾಯಿ ಒಡಸಾಕ ಅಂತ ಹೋದ್ಲು, ಬರಾವಾಗ ಏನು ತಂದ್ಲು ಹೇಳು? ಪ್ರಸಾದ ಅಲ್ಲ. ಒಂದು ಮುದಿ ನಾಯಿ. ಗಾಡಿಯಾಗ ತೊಡಿ ಮ್ಯಾಲ ಮಲಗಿಸಿಕೊಂಡು, ಕೂಸಿಗೆ ಹೊಚ್ಚಿದಂಗ ಸೆರಗು ಹೊಚ್ಚಿ. ಹಲ್ಲಿಲ್ಲ, ಒಂದು ಕಣ್ಣಿಗೆ ಪೊರಿ, ಹಿಂದಿನ ಕಾಲು ಕುಂಟು. ಮೈದುನ ತಿಪ್ಪೇರುದ್ರಪ್ಪ ಕುಣಿದಾಡಿಬಿಟ್ಟ. ಸ್ವಾತಂತ್ರ್ಯ ಬಂದ್ರೂ ರೇಷನ್ ಹೋಗಲಿಲ್ಲ, ಮನುಷ್ಯರಿಗೇ ಜೋಳ ಸಾಲವಲ್ದು, ನಾಯಿಗೆ ಎಲ್ಲಿಂದ ತರ್ಲಿ ಅಂತ. ಈಕಿ ಏನಂದ್ಲು ಗೊತ್ತೇನು? ನನ್ನ ಪಾಲಿನ ರೊಟ್ಟಿ, ನನ್ನ ನಾಯಿ ಅಂದ್ಲು. ಮುಂಡಿ ಬಾಯಾಗ ಎಂಥಾ ಮಾತು ನೋಡು. ಯಾಕ ನಗ್ತೀ? ನಾನೂ ಮುಂಡಿನೇ, ಆದ್ರ ನನ್ನ ಬಾಯಿಗೆ ಹದ್ದು ಐತಿ.

ಏನಂದಿ? ನೀರಿಗೆ ಯಾಕ ಬರವಲ್ಲಿ ಅಂತನಾ? ಮೊಣಕಾಲು ನೋವವ್ವ. ಬಾದನಹಟ್ಟಿ ಬಿಟ್ಟು ಬಂದಾಗಿಂದ ಈ ಬಳ್ಳಾರಿ ಗಾಳಿ ಹಿಡಿಸವಲ್ದು. ಅಲ್ಲಿ ಅಂಗಳ ಇತ್ತು, ಬೇವಿನ ನೆರಳಿತ್ತು. ಇಲ್ಲಿ ಒಂದು ಕ್ವಾಣಿ, ಒಂದು ಕಿಟಕಿ, ಸೊಸಿ ಮಾರಿ. ಕುಂತಲ್ಲೇ ಕುಂತೀನಿ. ಹೊಸ್ತಿಲಾ ದಾಟಾಮು ಅಂದ್ರ ಆ ನಾಯಿ ಕಟ್ಟಿ ಮ್ಯಾಲ ಮಲಗಿರ್ತೈತಿ. ಅಂಜಿಕಿ? ನನಗ್ಯಾಕ ಅಂಜಿಕಿ? ಅದು ಕಚ್ಚೋ ನಾಯಿ ಅಲ್ಲ, ಬಾಲ ಅಲ್ಲಾಡಿಸಿಕೊಂತ ಮೈಮ್ಯಾಲ ಬೀಳೋ ನಾಯಿ. ಅದೇ ತ್ರಾಸು.

ಹಂಗ್ಯಾಕ ನೋಡ್ತೀ? ನಾಯಿ ಜಾತಿನೇ ಹಂಗ ಅಂದೆ.

ಕೇಳಿಲ್ಲಿ. ಬರೋ ಐತವಾರ ನಮ್ಮ ಮನಿಯಾಗ ಗೊರವಯ್ಯಗಳ ದೋಣಿ ಸೇವೆ, ಮಗ ಹರಕಿ ಹೊತ್ತಾನ. ನಮ್ಮದು ಮೈಲಾರಲಿಂಗನ ಒಕ್ಕಲು. ನಾಯಿ ಅಂದ್ರ ಆ ದೇವರ ಬಂಟ. ಗೊರವಯ್ಯಗಳೇ ನಾಯಿಯಂಗ ಬೊಗಳಿ, ದೋಣಿಯಂಥಾ ಬಟ್ಟಲಿಗೆ ಬಾಯಿ ಹಾಕಿ ಹಾಲು-ಬಾಳಿಹಣ್ಣು ಉಣ್ತಾರ. ಮನಿ ನಾಯೀನ ಬೀದಿಗೆ ಬಿಟ್ಟವರ ಅಂಗಳದಾಗ ಅವರು ದೋಣಿ ಇಡಂಗಿಲ್ಲ, ಹಣಿಗೆ ಭಂಡಾರ ಹಚ್ಚಂಗಿಲ್ಲ. ನಾಕು ಮಂದಿಯಾಗ ಮಾರಿ ತೋರಸಾಕ ಆಗಂಗಿಲ್ಲ. ಅದಕ್ಕ, ಐತವಾರದೊಳಗ ಆ ನಾಯೀನ ಸಿರುಗುಪ್ಪಿಯಾಗಿನ ತನ್ನ ತಂಗಿ ಮನಿಗೆ ಸಾಗಿಸಲಿ ಅಂತ ವಿರೂಪಮ್ಮಗ ಹೇಳು. ನಿನ್ನ ಮಾತು ಕೇಳ್ತಾಳ.

ನಿಮಗೂ ಅದಕ್ಕೂ ಏನು ಸಂಬಂಧ ಅಂತೀಯಾ? ಏನೂ ಇಲ್ಲ. ಯಾವಳೋ ಮುದುಕಿ ಬಿಟ್ಟು ಬಂದಿರಬೇಕು. ಆಕಿ ತಪ್ಪಾದ್ರೂ ಏನು? ಬಾಡಿಗಿ ಮನಿಗೆ ನಾಯಿ ಬ್ಯಾಡ ಅಂದಿರ್ತಾನ ಮಗ. ಸಾಮಾನು ಹೇರಿದ ಗಾಡಿ ಹಿಂದ ಅದು ಕುಂಟಿಕೊಂತ ಬಂದಿರ್ತೈತಿ… ಕುರುಗೋಡಿನ ಮಟ ಬಂದು ಕುಸಿದಿರ್ತೈತಿ. ಹಿಂದಕ್ಕ ತಿರುಗಿ ನೋಡಬ್ಯಾಡವ್ವಾ ಅಂದಿರ್ತಾನ. ಮಗನ ಅನ್ನ ಉಣ್ಣಾಕಿ, ಆಕಿ ಏನು ಮಾಡ್ಯಾಳು?

ಇನ್ನೊಂದು. ನಾ ಹೇಳಿದೆ ಅನ್ನಬ್ಯಾಡ. ಆಕಿ ಅದಕ್ಕ ಕಟಿ ರೊಟ್ಟಿ ಹಾಕ್ತಾಳ. ಹಲ್ಲಿಲ್ಲದ್ದು ಹೆಂಗ ತಿಂದೀತು? ಮೂಸಿ ನೋಡಿ ಸುಮ್ಮನಾಗ್ತೈತಿ, ಈ ಗ್ವಾಡಿಗೆ ಕಿವಿ ಹಚ್ಚಿದ್ರ ನನಗ ಎಲ್ಲಾ ಕೇಳ್ತೈತಿ. ಜೋಳದ ನುಚ್ಚು ಮೆತ್ತಗ ಬೇಯಿಸಿ, ಮಜ್ಜಿಗಿ ಕಲಸಿ… ಮೊದಲ ತುತ್ತು ಅಂಗೈಯಾಗ ಹಿಡೀಬೇಕು. ಅಂಗೈ ನೆಕ್ಕಿದ ಮ್ಯಾಲ ತಾನೇ ಉಣ್ತೈತಿ.

ಸತ್ಯಮ್ಮಾ…

ಏನಾರ ಅನ್ನು. ಹಿಂಗ ಕಣ್ಣಿಟ್ಟು ನೋಡಬ್ಯಾಡ. ಬೇಕಾದ್ರ ಬೈ.

ವಿರೂಪಮ್ಮನೂ ಹಿಂಗೇ ನೋಡಿಕೊಂತ ನಿಂತಿದ್ಲು ಮುಂಜಾನಿ, ನಮ್ಮ ಹಿತ್ತಲ ಬಾಗಿಲಾಗ. ನಿನ್ನ ನಾಯಿ ಕಾಟ ಸಾಕಾತು ಅಂತ ನಾನೇ ಬಾಯಿ ಮಾಡಿದೆ. ನನ್ನ ಧ್ವನಿ ಕೇಳಿದ್ದೇ ತಡ, ಗ್ವಾಡಿ ಆಚಿ ಅದು ಕುಂಯ್ ಕುಂಯ್ ಅಂತ ಕೆರೆಯಾಕ ಹತ್ತಿತು. ವಿರೂಪಮ್ಮ ಗ್ವಾಡಿ ನೋಡಿದ್ಲು, ನನ್ನ ಮಾರಿ ನೋಡಿದ್ಲು. ಬೈದಿದ್ರ ತಿರುಗಿ ಬೈತಿದ್ದೆ, ನನಗೇನು ಬರಂಗಿಲ್ಲೇನು? ಬೈಲಿಲ್ಲ. ಇಷ್ಟೇ ಅಂದ್ಲು:

"ನಾ ಯಾರಿಗೂ ಹೇಳಂಗಿಲ್ಲ, ಪಕ್ಕೀರಮ್ಮತ್ತೀ. ಅದು ಇನ್ನು ಭಾಳ ದಿನ ಉಳಿಯಂಗಿಲ್ಲ. ಅದರ ಹೆಸರೊಂದು ಹೇಳ್ರಿ, ಕರೀತೀನಿ."