ಏಳನೇ ಕೋಣೆಯ ತಂತಿ

ನಗೋದಾದ್ರೆ ಈಗಲೇ ನಕ್ಕುಬಿಡು ಕಣೇ, ಮಧ್ಯದಲ್ಲಿ ನಕ್ಕರೆ ಎದ್ದು ಹೋಗ್ತೀನಿ. ಇದು ಆಗಿದ್ದು ಬೇರೆ ಯಾರಿಗೋ ಅಲ್ಲ, ನನ್ನ ಸೋದರತ್ತೆ ಮಗನಿಗೆ. ಲಿಫ್ಟ್ ರಿಪೇರಿ ಮಾಡ್ತಾನಲ್ಲ, ಅವನೇ. ಎಲ್ಲಾದರೂ ಒಂದು ತಂತಿ ಜೋತಾಡ್ತಿದ್ರೆ ಸಾಕು, ಅವನ ಕೈ ಸುಮ್ಮನಿರಲ್ಲ. ಟೂರಿಗೂ ಇಕ್ಕಳ ಹೊತ್ಕೊಂಡು ಹೋಗೋ ಪ್ರಾಣಿ.

ಹೆಂಡತಿ, ಆರು ವರ್ಷದ ಮಗಳ ಜೊತೆ ಫಾರಿನ್‌ಗೆ ಹೋಗಿದ್ದ. ಬೆಟ್ಟದ ಮೇಲಿನ ತಂಪು ಊರು. ಬೇಸಿಗೆ ಕಳೆಯೋಕೆ ಅಂತ ಬಿಳಿ ದೊರೆಗಳು ಕಟ್ಟಿಸಿಕೊಂಡಿದ್ದು. ಕಲ್ಲಿನ ಚರ್ಚು, ದೊಡ್ಡ ದೊಡ್ಡ ಬಂಗಲೆಗಳು. ಅಂಥದ್ದೇ ಒಂದು ಬಂಗಲೆ ಈಗ ಲಾಡ್ಜು. ಪೇಟೆ ಸುತ್ತಿ ವಾಪಸ್ ಬರೋ ಹೊತ್ತಿಗೆ ಕತ್ತಲಾಗಿತ್ತು. ಮಂಜು... ಎದುರಿಗಿದ್ದೋರ ಮುಖ ಕಾಣದಷ್ಟು. ಕಾಂಪೌಂಡಿನ ಹಾಳುಬಾವಿ ದಾಟುವಾಗ ಹೆಗಲ ಮೇಲಿದ್ದ ಮಗು "ಅಪ್ಪಾ, ಚಳಿ" ಅಂತು. ಹಣೆ ಮುಟ್ಟಿದ. ಕೆಂಡ.

ಹೆಂಡತಿ ಮಗೂನ ಮಹಡಿ ಕೋಣೇಲಿ ಮಲಗಿಸಿದಳು. ಇವನು ಬಿಸಿನೀರಿಗೆ ಅಂತ ಅಡುಗೆಮನೆಗೆ ಹೋದ. ಅಲ್ಲಿ ಗೋಡೆ ಮೇಲೆ ಸಾಲಾಗಿ ಏಳು ಹಿತ್ತಾಳೆ ಗಂಟೆ. ದೊರೆ ತನ್ನ ಕೋಣೇಲಿ ಹಿಡಿ ಎಳೆದರೆ ತಂತಿ ಜಗ್ಗಿ ಇಲ್ಲಿ ಗಂಟೆ ಹೊಡೆಯೋದು, ಆಳು ಓಡೋದು. ಏಳನೆಯದರ ತಂತಿ ಮಾತ್ರ ತುಂಡಾಗಿತ್ತು. ನೀರು ಕುದಿಯೋ ಅಷ್ಟರಲ್ಲಿ ಈ ಮಹಾನುಭಾವ ಇಕ್ಕಳ ತೆಗೆದು ಎರಡೂ ತುದಿ ಸೇರಿಸಿ ತಿರುಚಿಬಿಟ್ಟ!

ಅಡುಗೆಯ ಮುದುಕಿ ನೋಡಿ ಬಿಳಿಚಿಕೊಂಡಳು. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ.

"ಯಾಕೆ ಮುಟ್ಟಿದೆ?"

"ಕಿತ್ತುಹೋಗಿತ್ತು, ಅದಕ್ಕೆ..."

"ಕಿತ್ತಿದ್ದಲ್ಲ. ಕತ್ತರಿಸಿದ್ದು." ಪಿಸುಗುಟ್ಟಿದಳು. "ಆಗಿನ ಕಾಲದಲ್ಲಿ ಆ ಕೋಣೇಲಿ ದೊರೆ ಮಗೂಗೆ ಅಂಟುಜ್ವರ. ನೀರಿಗೆ ಅಂತ ಗಂಟೆ ಎಳೀತಾನೇ ಇತ್ತು. ಹೆದರಿ ಯಾರೂ ಹೋಗ್ಲಿಲ್ಲ... ಸದ್ದು ತಡೀಲಾರದೆ ತಂತಿ ಕತ್ತರಿಸಿದ್ರು."

"ಎಲ್ಲಿದೆ ಆ ಕೋಣೆ?"

"ಹಿತ್ತಲಲ್ಲಿತ್ತು. ಬಿದ್ದುಹೋಗಿ ಎಷ್ಟೋ ಕಾಲ ಆಯ್ತು."

ಕಿರ್ರ್... ತಂತಿ ಬಿಗಿಯಾಯಿತು.

ಟಿಣ್.

ಟಿಣ್... ಟಿಣ್ ಟಿಣ್.

ಅದೇ ಹೊತ್ತಿಗೆ ಮೇಲಿಂದ ಹೆಂಡತಿ ಕಿರುಚಿದಳು. "ರೀ! ಮಗು ಇಲ್ಲ ರೀ!" ಅವಳು ಬಚ್ಚಲಿಗೆ ಹೋಗಿ ಹಣೆಗೆ ಹಾಕೋ ಬಟ್ಟೆ ಒದ್ದೆ ಮಾಡಿಕೊಂಡು ಬರೋದ್ರೊಳಗೆ ಹಾಸಿಗೆ ಖಾಲಿ. ಪಕ್ಕದಲ್ಲಿದ್ದ ನೀರಿನ ಲೋಟಾನೂ ಇಲ್ಲ.

"ಕತ್ತರಿಸು! ಬೇಗ!" ಅಂದಳು ಮುದುಕಿ. ಇವನು ಇಕ್ಕಳ ತಂತಿಗೆ ಇಟ್ಟ. ಒತ್ತಲಾಗಲಿಲ್ಲ. ಆ ಕಡೆ ಎಳೀತಿರೋದು ತನ್ನ ಮಗಳೇ ಆಗಿದ್ರೆ? ಅಯ್ಯೋ, ಹೆತ್ತೋರ ಕರುಳು ಕಣೇ ಅದು!

ಇಕ್ಕಳ ಬಿಸಾಕಿ ಹಿಂಬಾಗಿಲಿಂದ ಓಡಿದ. ತಂತಿ ಗೋಡೆಯ ತೂತಿನಿಂದ ಹೊರಬಂದು ಮಂಜಿನೊಳಗೆ ಹೋಗಿತ್ತು. ಅದನ್ನೇ ಹಿಡ್ಕೊಂಡು, ಎಡವಿ, ಬಿದ್ದು, ಮಗಳನ್ನ ಕೂಗಿ ಕೂಗಿ... ತುಕ್ಕು ಕುಯ್ದು ಅಂಗೈಯೆಲ್ಲ ರಕ್ತ. ಕೊನೆಗೆ ಕಾಲಿಗೆ ಕಲ್ಲು ಸಿಕ್ಕವು. ಬರೀ ತಳಪಾಯ. ಅದರ ಮೇಲೆ ಬರಿಗಾಲಲ್ಲಿ ಕೂತಿದ್ದಳು ಮಗಳು. ಒಂದು ಕೈಯಲ್ಲಿ ಖಾಲಿ ಲೋಟ, ಇನ್ನೊಂದರಲ್ಲಿ ತಂತಿಯ ತುದಿ.

"ಶ್... ಮೆಲ್ಲಗೆ ಅಪ್ಪ. ಈಗ ತಾನೆ ನೀರು ಕುಡೀತು. ನಿಮ್ಮನೆಗೆ ಬರ್ಲಾ ಅಂತು. ಹೂಂ ಅಂದೆ."

ಹಣೆ ಮುಟ್ಟಿದ. ಜ್ವರದ ಸುಳಿವೇ ಇಲ್ಲ. ಅವಳನ್ನ ಅವಚಿಕೊಂಡು ಹೋ ಅಂತ ಅತ್ತನಂತೆ.

ಮಗಳು ಈಗ ಗುಂಡುಕಲ್ಲಿನ ಹಾಗಿದಾಳೆ. ಆದರೆ ಮಂಚದ ಅರ್ಧ ಬಿಟ್ಟು ಗೋಡೆಗೆ ಒತ್ತಿಕೊಂಡೇ ಮಲಗ್ತಾಳೆ. ಅವಳಪ್ಪ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಬೆಳಗಾಗೋವರೆಗೂ ಕಣ್ಣು ಬಿಟ್ಕೊಂಡು ಕೂತಿರ್ತಾನೆ. ಅರ್ಧ ಇಳಿದುಹೋಗಿದಾನೆ. "ಓಡಿಸೋಣ ಅಂದ್ರೆ ಅದೂ ಮಗೂನೇ ಅಲ್ವಾ ಅಕ್ಕಾ? ಏನು ಮಾಡ್ಲಿ, ಹೇಳು" ಅಂತ ನನ್ನ ಕೈ ಹಿಡ್ಕೊಂಡು ಅತ್ತ.

ಹೋದ ವಾರ ನಾನೇ ಅಲ್ಲಿ ಉಳ್ಕೊಂಡಿದ್ದೆ. ಬೆಳಿಗ್ಗೆ ಹಾಸಿಗೆ ಮಡಿಸೋಕೆ ಹೋದೆ. ನಂಬಿದ್ರೆ ನಂಬು, ಬಿಟ್ರೆ ಬಿಡು, ಈ ಕೈಯಲ್ಲೇ ಮುಟ್ಟಿದೀನಿ. ಮಗಳ ದಿಂಬು ತಣ್ಣಗಿತ್ತು. ಪಕ್ಕದ್ದು ಸುಡ್ತಿತ್ತು.